ನಕಲು, ಒಡೆತನ, ಅಮಾನತ್: ಬಗ್ದಾದಿನ ವರ್ರಾಕರಿಂದ ಇಂದಿನ ಸಾಫ್ಟ್‌ವೇರ್‌ವರೆಗೆ

ಒಬ್ಬನ ಸೈಕಲ್ ಕದ್ದರೆ ಅವನು ಮನೆಗೆ ನಡೆದುಕೊಂಡೇ ಹೋಗಬೇಕು. ಆದರೆ ಒಬ್ಬನ ಸಾಫ್ಟ್‌ವೇರನ್ನು ನಕಲು ಮಾಡಿಕೊಂಡರೆ ಅವನ ಬಳಿ ಇದ್ದದ್ದು ಅವನ ಬಳಿಯೇ ಉಳಿಯುತ್ತದೆ. ಹಾಗಿರುವಾಗ ಇದು ಕಳವು ಹೇಗಾದೀತು? ಇದು ನಮ್ಮ ಕಾಲೇಜು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಹಣ ಕೊಟ್ಟು ಕೊಂಡ ಸಾಫ್ಟ್‌ವೇರನ್ನು ಗೆಳೆಯನಿಗೆ ಕೊಡುವಂತಿಲ್ಲ, ಮಾರುವಂತಿಲ್ಲ, ಎರಡನೆಯ ಕಂಪ್ಯೂಟರಿಗೆ ಹಾಕುವಂತಿಲ್ಲ ಎಂದಾದರೆ ನಾವು ಕೊಂಡದ್ದಾದರೂ ಏನನ್ನು?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವನ್ನು ಕೇಳುವವರನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ಇವು ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹುಟ್ಟಿದ ಪ್ರಶ್ನೆಗಳು. ಪುಸ್ತಕವನ್ನು ಕೈಯಿಂದ ಬರೆದು ಮಾರುತ್ತಿದ್ದ ಕಾಲದಲ್ಲಿಯೂ ಪ್ರತಿ ಯಾರದ್ದು, ಬೆಲೆ ಯಾರು ನಿರ್ಧರಿಸಬೇಕು ಎಂಬ ಜಗಳ ನಡೆದಿತ್ತು. ಆದ್ದರಿಂದ ಮೊದಲು ಇತಿಹಾಸದ ಕಡೆ ಕಣ್ಣು ಹಾಯಿಸಿ, ಆ ಮೇಲೆ ನಮ್ಮ ಕಂಪ್ಯೂಟರುಗಳ ಕಡೆ ಬರೋಣ.

ವರ್ರಾಕರ ಪೇಟೆ

ಕ್ರಿ.ಶ. 8ನೇ ಶತಮಾನದ ಕೊನೆಯ ಹೊತ್ತಿಗೆ ಬಗ್ದಾದಿನಲ್ಲಿ ಕಾಗದ ತಯಾರಿಕೆ ಬೇರೂರಿತ್ತು. ಚರ್ಮದ ಹಾಳೆಗಿಂತ ಕಾಗದ ಅಗ್ಗವಾದ್ದರಿಂದ ಪುಸ್ತಕಗಳು ಹೆಚ್ಚಿದವು. ಪುಸ್ತಕಗಳನ್ನು ಕೈಯಿಂದ ನಕಲು ಮಾಡಿ ಮಾರುವವರನ್ನು 'ವರ್ರಾಕ್' ಎಂದು ಕರೆಯುತ್ತಿದ್ದರು. ಅವರ ಪೇಟೆಯಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳಿದ್ದವೆಂದು 9ನೇ ಶತಮಾನದ ಲೇಖಕ ಅಲ್ ಯಅ್‌ಕೂಬಿ ಬರೆದಿದ್ದಾರೆ. ಅರಬಿ ಗ್ರಂಥಗಳ ಪ್ರಸಿದ್ಧ ಪಟ್ಟಿಯಾದ 'ಅಲ್ ಫಿಹ್ರಿಸ್ತ್'ಅನ್ನು 987ರಲ್ಲಿ ರಚಿಸಿದ ಇಬ್ನ್ ಅನ್ನದೀಮ್ ಕೂಡ ವೃತ್ತಿಯಿಂದ ಒಬ್ಬ ವರ್ರಾಕ್.

ಆ ಕಾಲದಲ್ಲಿ ನಕಲು ಮಾಡುವುದು ಗೌರವದ ಕೆಲಸವಾಗಿತ್ತು. ನಕಲು ಮಾಡುವವರು ಇಲ್ಲದಿದ್ದರೆ ವಿದ್ಯೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಲೇ ಇರಲಿಲ್ಲ. ಇಂದಿನ ಅರ್ಥದ ಹಕ್ಕುಸ್ವಾಮ್ಯವಾಗಲಿ, ಪ್ರತಿಯೊಂದು ಪ್ರತಿಗೂ ಲೇಖಕನಿಗೆ ಸಲ್ಲುವ ರಾಯಧನವಾಗಲಿ ಆಗ ಇರಲಿಲ್ಲ. ಹಾಗೆಂದು ಯಾರು ಏನನ್ನು ಬೇಕಾದರೂ ಮಾಡಬಹುದಾದ ಸ್ಥಿತಿಯೂ ಇರಲಿಲ್ಲ. ಗ್ರಂಥವನ್ನು ಗುರುವಿನ ಮುಂದೆ ಓದಿ ಒಪ್ಪಿಸಿ, ಅದನ್ನು ಮುಂದಿನವರಿಗೆ ತಲುಪಿಸಲು 'ಇಜಾಝತ್' ಅಂದರೆ ಅನುಮತಿ ಪಡೆಯುವ ಪದ್ಧತಿ ಇತ್ತು. ಇನ್ನೊಬ್ಬರ ಬರಹವನ್ನು ತನ್ನದೆಂದು ಹೇಳಿಕೊಳ್ಳುವುದನ್ನು ಅರಬಿ ವಿಮರ್ಶಕರು 'ಸರಿಕ' ಎಂದರು. ಆ ಪದದ ಅರ್ಥ ಕಳವು ಎಂದೇ. ಗ್ರಂಥಾಲಯಗಳಿಗೆ ಪುಸ್ತಕಗಳನ್ನು ವಕ್ಫ್ ಮಾಡುವವರು ಅವುಗಳ ಬಳಕೆಗೆ ಷರತ್ತುಗಳನ್ನು ಹಾಕುತ್ತಿದ್ದರು. ವಕ್ಫ್ ಮಾಡಿದವರ ಷರತ್ತನ್ನು ಪಾಲಿಸಬೇಕೆಂಬುದು ಫಿಕ್‌ಹ್‌ನ ಒಪ್ಪಿತ ನಿಯಮವಾಗಿತ್ತು.

ಈ ಹಿನ್ನೆಲೆಯಲ್ಲಿ ಒಂದು ಘಟನೆಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ನೆನಪಿಡಬೇಕು. ಕೂಫಾದ ಪ್ರಸಿದ್ಧ ವ್ಯಾಕರಣ ವಿದ್ವಾಂಸ ಅಲ್ ಫರ್ರಾ (ಮರಣ ಕ್ರಿ.ಶ. 822) ಕುರ್‌ಆನಿನ ಅರ್ಥ ವಿವರಣೆಯ ಕುರಿತು 'ಮಆನಿಲ್ ಕುರ್‌ಆನ್' ಎಂಬ ಗ್ರಂಥವನ್ನು ಬಾಯಿಂದ ಹೇಳಿ ಬರೆಯಿಸಿದರು. ಬರಹ ಮುಗಿದ ಮೇಲೆ ವರ್ರಾಕರು ಅದನ್ನು ಜನರಿಗೆ ಸುಲಭವಾಗಿ ಸಿಗದಂತೆ ತಮ್ಮ ಬಳಿಯೇ ಇಟ್ಟುಕೊಂಡರು. ಐದು ಹಾಳೆಗೆ ಒಂದು ದಿರ್‌ಹಮ್ ಕೊಟ್ಟವರಿಗೆ ಮಾತ್ರ ನಕಲು ಮಾಡಿ ಕೊಡುತ್ತೇವೆ ಎಂದರು. ಜನರು ಫರ್ರಾರ ಬಳಿ ದೂರು ಒಯ್ದರು. ಅವರು ವರ್ರಾಕರನ್ನು ಕರೆಸಿ, ನೀವೂ ಲಾಭ ಮಾಡಿಕೊಳ್ಳಿ, ಜನರಿಗೂ ಉಪಕಾರವಾಗಲಿ ಎಂದು ಬುದ್ಧಿ ಹೇಳಿದರು. ಅವರು ಒಪ್ಪಲಿಲ್ಲ. ಆಗ ಫರ್ರಾ ಅದೇ ವಿಷಯದ ಮೇಲೆ ಇನ್ನೂ ವಿಸ್ತಾರವಾದ ಗ್ರಂಥವನ್ನು ಹೇಳಿ ಬರೆಯಿಸುತ್ತೇನೆಂದು ಪ್ರಕಟಿಸಿ ಕುಳಿತೇಬಿಟ್ಟರು. 'ಅಲ್‌ಹಮ್ದ್' ಎಂಬ ಒಂದು ಪದದ ಮೇಲೆಯೇ ನೂರು ಹಾಳೆ ಬರೆಯಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ತಮ್ಮ ಬಳಿ ಇರುವ ಪ್ರತಿಗೆ ಬೆಲೆ ಇಲ್ಲದಂತಾಗುತ್ತದೆ ಎಂದು ಹೆದರಿದ ವರ್ರಾಕರು ಓಡಿ ಬಂದರು. ಹತ್ತು ಹಾಳೆಗೆ ಒಂದು ದಿರ್‌ಹಮ್ ಎಂದು ತೀರ್ಮಾನವಾಯಿತು. ಅಂದರೆ ಬೆಲೆ ಅರ್ಧಕ್ಕೆ ಇಳಿಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ವಿದ್ಯೆಯನ್ನು ಬಚ್ಚಿಟ್ಟು ದುಬಾರಿ ಬೆಲೆಗೆ ಮಾರುವುದು ತಪ್ಪು ಎಂದು ಫರ್ರಾ ಮುಲಾಜಿಲ್ಲದೆ ಹೇಳಿದರು. ಆದರೂ ಅಂಗಡಿಗೆ ನುಗ್ಗಿ ಹಾಳೆಗಳನ್ನು ಎತ್ತಿಕೊಂಡು ಹೋಗಿ ಎಂದು ಜನರಿಗೆ ಹೇಳಲಿಲ್ಲ. ತಮ್ಮ ಶ್ರಮವನ್ನೇ ಹಾಕಿ ಬೇರೊಂದು ಗ್ರಂಥವನ್ನು ಜನರ ಮುಂದೆ ಇಟ್ಟರು. ಕೊನೆಗೆ ಆದ ಒಪ್ಪಂದದಲ್ಲಿ ನಕಲುಗಾರರ ಕೂಲಿಯೂ ಉಳಿಯಿತು, ಓದುವವರ ಹಕ್ಕೂ ಉಳಿಯಿತು.

ಅಚ್ಚಿನ ಯಂತ್ರ ತಂದ ಕಾನೂನು

ಕೈಬರಹದ ಕಾಲದಲ್ಲಿ ನಕಲು ನಿಧಾನವಾಗಿತ್ತು. ಅಚ್ಚಿನ ಯಂತ್ರ ಬಂದ ಮೇಲೆ ಒಬ್ಬನು ಹಣ ಹಾಕಿ ಅಚ್ಚು ಮಾಡಿದ ಪುಸ್ತಕವನ್ನು ಇನ್ನೊಬ್ಬನು ಕೆಲವೇ ದಿನಗಳಲ್ಲಿ ಅಚ್ಚು ಮಾಡಿ ಅಗ್ಗಕ್ಕೆ ಮಾರಬಹುದಾಯಿತು. ಇಂಗ್ಲೆಂಡಿನಲ್ಲಿ 1710ರಲ್ಲಿ ಜಾರಿಗೆ ಬಂದ ರಾಣಿ ಆ್ಯನ್ ಕಾಲದ ಶಾಸನವು ಮೊದಲ ಬಾರಿಗೆ ಲೇಖಕನಿಗೆ ಕಾನೂನುಬದ್ಧ ಹಕ್ಕು ಕೊಟ್ಟಿತು. ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಆ ಮೇಲೆ ಪುಸ್ತಕ ಎಲ್ಲರದ್ದು. ಹಕ್ಕು ಶಾಶ್ವತವಲ್ಲ, ಸಮಾಜದ ಪಾಲೂ ಅದರಲ್ಲಿದೆ ಎಂಬ ಭಾವನೆ ಈ ಕಾನೂನಿನ ಬುಡದಲ್ಲಿಯೇ ಇತ್ತು.

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದಲ್ಲಿ 1847ರಲ್ಲಿ ಮೊದಲ ಹಕ್ಕುಸ್ವಾಮ್ಯ ಕಾಯ್ದೆ ಬಂತು. ನಂತರ 1914ರ ಕಾಯ್ದೆ, ಸ್ವಾತಂತ್ರ್ಯದ ನಂತರ 1957ರ ಕಾಯ್ದೆ. ಮುಸ್ಲಿಮ್ ಜಗತ್ತಿನಲ್ಲಿ ಉಸ್ಮಾನೀ ಸಾಮ್ರಾಜ್ಯವು 1910ರಲ್ಲಿ ಲೇಖಕರ ಹಕ್ಕಿನ ಕಾನೂನು ಮಾಡಿತು. ಭಾರತದಲ್ಲಿ ಇಂದು ಪುಸ್ತಕದ ಹಕ್ಕು ಲೇಖಕನ ಜೀವಿತಾವಧಿ ಮತ್ತು ಅವನ ಮರಣದ ನಂತರ 60 ವರ್ಷ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಠಾಗೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವ ಹಿನ್ನೆಲೆಯಲ್ಲಿ ಅದನ್ನು 60ಕ್ಕೆ ಏರಿಸಲಾಯಿತು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಇಂದು ಪೈರಸಿಯ ವಿರುದ್ಧ ಲೋಕಕ್ಕೆಲ್ಲ ಪಾಠ ಹೇಳುವ ಅಮೆರಿಕ 19ನೇ ಶತಮಾನದ ಬಹುಭಾಗ ವಿದೇಶಿ ಲೇಖಕರ ಹಕ್ಕನ್ನು ಮಾನ್ಯ ಮಾಡಿರಲಿಲ್ಲ. ಚಾರ್ಲ್ಸ್ ಡಿಕನ್ಸ್ ಅವರ ಕಾದಂಬರಿಗಳನ್ನು ಅಲ್ಲಿನ ಪ್ರಕಾಶಕರು ಅನುಮತಿ ಇಲ್ಲದೆ ಅಚ್ಚು ಮಾಡಿ ಮಾರಿದರು. 1842ರಲ್ಲಿ ಅಮೆರಿಕಕ್ಕೆ ಹೋದ ಡಿಕನ್ಸ್ ಈ ಅನ್ಯಾಯದ ವಿರುದ್ಧ ಬಹಿರಂಗವಾಗಿ ಮಾತನಾಡಿದರು. ವಿದೇಶಿ ಲೇಖಕರಿಗೆ ಅಲ್ಲಿ ರಕ್ಷಣೆ ಸಿಕ್ಕಿದ್ದು 1891ರಲ್ಲಿ. 1886ರ ಬರ್ನ್ ಒಪ್ಪಂದಕ್ಕೆ ಅಮೆರಿಕ ಸೇರಿದ್ದು 1989ರಲ್ಲಿ. ಬಡ ದೇಶಗಳು ಈ ಇತಿಹಾಸವನ್ನು ನೆನಪಿಸುವುದು ಸರಿಯೇ. ಆದರೆ ಇನ್ನೊಬ್ಬರು ಹಿಂದೆ ಮಾಡಿದ ತಪ್ಪು ನಾವು ಇಂದು ಮಾಡುವ ತಪ್ಪಿಗೆ ಪರವಾನಗಿ ಆಗದು.

ಕೊಂಡವನ ಹಕ್ಕು ಎಲ್ಲಿಯವರೆಗೆ ಎಂಬುದೂ ಪುಸ್ತಕದ ವಿಷಯದಲ್ಲಿಯೇ ಮೊದಲು ಇತ್ಯರ್ಥವಾಯಿತು. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ಒಂದು ಕಾದಂಬರಿಯಲ್ಲಿ ಇದನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರಬಾರದು, ಮಾರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಅಚ್ಚು ಮಾಡಿಸಿತು. ನ್ಯೂಯಾರ್ಕಿನ ಮೇಸಿ ಅಂಗಡಿಯವರು ಅದನ್ನು 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಗಡಿಯವರ ಪರವಾಗಿ ತೀರ್ಪು ಕೊಟ್ಟಿತು. ಒಮ್ಮೆ ಮಾರಿದ ಮೇಲೆ ಆ ಪ್ರತಿಯನ್ನು ಮುಂದೆ ಯಾರಿಗೆ, ಎಷ್ಟಕ್ಕೆ ಮಾರಬೇಕೆಂದು ಹೇಳುವ ಹಕ್ಕು ಪ್ರಕಾಶಕನಿಗಿಲ್ಲ. ಹೊಸ ಪ್ರತಿ ಅಚ್ಚು ಮಾಡುವ ಹಕ್ಕು ಮಾತ್ರ ಅವನದ್ದು. ನಮ್ಮ ಊರುಗಳಲ್ಲಿ ಹಳೆಯ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕೊಳ್ಳುವುದರ ಹಿಂದಿರುವುದೂ ಇದೇ ನ್ಯಾಯ.

ಸಾಫ್ಟ್‌ವೇರ್ ಸರಕಾಯಿತು

ಆರಂಭದ ಕಂಪ್ಯೂಟರುಗಳ ಕಾಲದಲ್ಲಿ ಸಾಫ್ಟ್‌ವೇರ್ ಎಂಬುದು ಯಂತ್ರದ ಜೊತೆಗೆ ಬರುವ ಉಪಕರಣದಂತಿತ್ತು. ಅದಕ್ಕೆ ಬೇರೆ ಬೆಲೆ ಇರಲಿಲ್ಲ. 1969ರಲ್ಲಿ ಐ.ಬಿ.ಎಂ. ಕಂಪೆನಿ ಯಂತ್ರ ಬೇರೆ, ಸಾಫ್ಟ್‌ವೇರ್ ಬೇರೆ ಎಂದು ಬೆಲೆ ನಿಗದಿ ಮಾಡುವುದಾಗಿ ಪ್ರಕಟಿಸಿತು. ಸಾಫ್ಟ್‌ವೇರ್ ಮಾರಾಟದ ಸರಕಾದದ್ದು ಹೀಗೆ.

ಏಳು ವರ್ಷಗಳ ನಂತರ, 1976ರ ಫೆಬ್ರವರಿ 3ರಂದು, 20 ವರ್ಷದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿಗಾಗಿ ಅವರೂ ಸಂಗಡಿಗರೂ ಬರೆದ ಬೇಸಿಕ್ ಭಾಷೆಯ ಪ್ರೋಗ್ರಾಮನ್ನು ಹವ್ಯಾಸಿಗಳು ರಂಧ್ರ ಕೊರೆದ ಕಾಗದದ ಪಟ್ಟಿಯಲ್ಲಿ ನಕಲು ಮಾಡಿ ಹಂಚಿಕೊಳ್ಳುತ್ತಿದ್ದರು. ಆಲ್ಟೇರ್ ಇರುವವರಲ್ಲಿ ನೂರಕ್ಕೆ ಹತ್ತು ಮಂದಿ ಕೂಡ ಬೇಸಿಕ್ ಕೊಂಡಿಲ್ಲ, ಬಂದ ಹಣವನ್ನು ದುಡಿದ ಗಂಟೆಗಳಿಗೆ ಹಂಚಿದರೆ ಗಂಟೆಗೆ ಎರಡು ಡಾಲರೂ ಬೀಳುವುದಿಲ್ಲ ಎಂದು ಅವರು ದೂರಿದರು. ಯಂತ್ರಕ್ಕೆ ಹಣ ಕೊಡುವ ನೀವು ಅದನ್ನು ನಡೆಸುವ ಬುದ್ಧಿಗೆ ಏಕೆ ಕೊಡುವುದಿಲ್ಲ ಎಂಬುದು ಪತ್ರದ ತಿರುಳು. ಅನೇಕರಿಗೆ ಸಿಟ್ಟು ಬಂತು. ಆದರೆ ಕೇಳಿದ ಪ್ರಶ್ನೆ ಮಾತ್ರ ಉಳಿಯಿತು.

ಕಾನೂನು ಮೆಲ್ಲನೆ ಈ ದಿಕ್ಕಿಗೆ ಹೊರಳಿತು. ಅಮೆರಿಕದಲ್ಲಿ 1980ರ ತಿದ್ದುಪಡಿಯ ಮೂಲಕ ಕಂಪ್ಯೂಟರ್ ಪ್ರೋಗ್ರಾಮುಗಳು ಹಕ್ಕುಸ್ವಾಮ್ಯದ ವ್ಯಾಪ್ತಿಗೆ ಸ್ಪಷ್ಟವಾಗಿ ಬಂದವು. ಭಾರತದಲ್ಲಿ 1984ರ ತಿದ್ದುಪಡಿ ಅವುಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಕಾನೂನಿನ ಕಣ್ಣಿನಲ್ಲಿ ಒಂದು ಕಾದಂಬರಿಯೂ ಒಂದು ಪ್ರೋಗ್ರಾಮೂ ಒಂದೇ ಜಾತಿಯವು. 1994ರ ತಿದ್ದುಪಡಿಯು ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಿತು. ಲಾಭಕ್ಕಾಗಿ ಬಳಸದಿದ್ದರೆ ಸೆರೆವಾಸವನ್ನು ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಕರ್ನಾಟಕದಲ್ಲಿ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ಡಿಜಿಟಲ್ ಅಪರಾಧಿಗಳನ್ನೂ ಅದರ ವ್ಯಾಪ್ತಿಗೆ ಸೇರಿಸಲಾಯಿತು.

ಶಿಕ್ಷೆ ಎಷ್ಟು ಕಠಿಣವಾದರೂ ಮನೆಯೊಳಗಿನ ಕಂಪ್ಯೂಟರಿನ ಮುಂದೆ ಪೊಲೀಸರು ನಿಲ್ಲುವುದಿಲ್ಲ. ಅಲ್ಲಿ ಕೆಲಸ ಮಾಡಬೇಕಾದ್ದು ಮನಸ್ಸಾಕ್ಷಿ. ಆದ್ದರಿಂದ ದೀನ್ ಏನು ಹೇಳುತ್ತದೆ ಎಂದು ನೋಡಬೇಕು.

ಉಲಮಾಗಳ ಮುಂದೆ ಬಂದ ಹೊಸ ಮಸ್‌ಅಲ

ಹಕ್ಕುಸ್ವಾಮ್ಯದ ಬಗ್ಗೆ ಹಿಂದಿನ ಫಿಕ್‌ಹ್ ಗ್ರಂಥಗಳಲ್ಲಿ ನೇರ ಉತ್ತರವಿಲ್ಲ. ಕೈಗೆ ಸಿಗದ, ಕೂಡಿಡಲಾಗದ ಬರಿಯ ಹಕ್ಕನ್ನು ಸೊತ್ತು ಎಂದು ಎಣಿಸಿ ಮಾರಬಹುದೇ ಎಂಬ ಬಗ್ಗೆ, ಮುಖ್ಯವಾಗಿ ಹನಫೀ ವಿದ್ವಾಂಸರಲ್ಲಿ, ಹಿಂಜರಿಕೆ ಇತ್ತು. ಮೌಲಾನಾ ಅಶ್ರಫ್ ಅಲಿ ಥಾನವಿ (1863-1943) ತಮ್ಮ ಗ್ರಂಥಗಳ ಹಕ್ಕನ್ನು ಕಾಯ್ದಿರಿಸದೆ, ಯಾರು ಬೇಕಾದರೂ ಅಚ್ಚು ಮಾಡಬಹುದೆಂದು ಬಿಟ್ಟುಕೊಟ್ಟರು. 'ಬಹಿಶ್ತೀ ಝೇವರ್' ಮನೆಮನೆಗೆ ತಲುಪಲು ಅದೂ ಒಂದು ಕಾರಣ. ಮುಫ್ತಿ ಮುಹಮ್ಮದ್ ಶಫೀ (1897-1976) ಪ್ರಕಟಣೆಯ ಹಕ್ಕನ್ನು ಮಾರುವುದು ಸರಿಯಲ್ಲವೆಂದರು. ಆದರೆ ಅವರದೇ ಪುತ್ರ ಮುಫ್ತಿ ತಕೀ ಉಸ್ಮಾನಿ, ವ್ಯಾಪಾರದ ರೂಢಿ ಮತ್ತು ಕಾನೂನು ಈ ಹಕ್ಕಿಗೆ ಬೆಲೆ ಕಟ್ಟಿರುವಾಗ ಅದನ್ನು ಮಾನ್ಯ ಮಾಡಬೇಕೆಂದು ವಾದಿಸಿದರು. ತಂದೆಯ ಅಭಿಪ್ರಾಯದೊಂದಿಗೆ ಮಗ ಅದಬಿನಿಂದ ಭಿನ್ನಾಭಿಪ್ರಾಯ ತಾಳಬಹುದಾದ ವಿದ್ಯೆಯ ಪರಂಪರೆ ನಮ್ಮದು.

1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯ ಐದನೇ ಅಧಿವೇಶನ ಈ ಬಗ್ಗೆ ನಿರ್ಣಯ ಕೈಗೊಂಡಿತು. ವ್ಯಾಪಾರದ ಹೆಸರು, ಗ್ರಂಥಕರ್ತನ ಹಕ್ಕು, ಆವಿಷ್ಕಾರದ ಹಕ್ಕು ಇವೆಲ್ಲ ಅವುಗಳ ಒಡೆಯರಿಗೆ ಸೇರಿದವು, ಅವುಗಳಿಗೆ ಆರ್ಥಿಕ ಮೌಲ್ಯವಿದೆ, ಅವುಗಳ ಮೇಲೆ ಕೈ ಮಾಡಬಾರದು ಎಂಬುದು ಅದರ ಸಾರ. ಸೌದಿ ಅರೇಬಿಯದ ಫತ್ವಾ ಸ್ಥಾಯಿ ಸಮಿತಿಗೆ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆಯೇ ಪ್ರಶ್ನೆ ಹೋಯಿತು. ಒಡೆಯರು ನಕಲನ್ನು ನಿಷೇಧಿಸಿದ್ದರೆ ಅವರ ಅನುಮತಿ ಇಲ್ಲದೆ ಮಾಡಬಾರದು, ಒಡೆಯ ಮುಸ್ಲಿಮನಾಗಿದ್ದರೂ ಶಾಂತಿಯಿಂದಿರುವ ಮುಸ್ಲಿಮೇತರನಾಗಿದ್ದರೂ ವ್ಯತ್ಯಾಸವಿಲ್ಲ ಎಂದು ಅದು ಉತ್ತರಿಸಿತು. ಮುಸ್ಲಿಮರು ತಾವು ಒಪ್ಪಿದ ಷರತ್ತುಗಳಿಗೆ ಬದ್ಧರಾಗಿರಬೇಕೆಂಬ ಪ್ರವಾದಿ ವಚನ ಇದಕ್ಕೆ ಮುಖ್ಯ ಆಧಾರ. ಸೌದಿಯ ಮತ್ತೊಬ್ಬ ವಿದ್ವಾಂಸ ಶೇಖ್ ಇಬ್ನ್ ಉಸೈಮೀನ್ (ಮರಣ 2001) ಕೇವಲ ಸ್ವಂತ ಬಳಕೆಯ ನಕಲಿನ ಬಗ್ಗೆ ಸಡಿಲವಾದ ಅಭಿಪ್ರಾಯ ಹೊಂದಿದ್ದರು. ಆದರೆ ವ್ಯಾಪಾರಕ್ಕಾಗಿ ನಕಲು ಮಾಡಬಾರದು ಎಂಬುದರಲ್ಲಿ ಅವರಿಗೂ ಸಂಶಯವಿರಲಿಲ್ಲ.

ಒಟ್ಟಿನಲ್ಲಿ ನೋಡಿದರೆ ಚರ್ಚೆಯ ಜಾಗ ಬದಲಾಗಿದೆ. ವಸ್ತು ಒಡೆಯನ ಕೈ ಬಿಟ್ಟಿತೇ ಇಲ್ಲವೇ ಎಂಬುದಕ್ಕಿಂತ, ಕೊಟ್ಟ ಮಾತು ಉಳಿಯಿತೇ, ದುಡಿದವನ ಹಕ್ಕು ಅವನಿಗೆ ತಲುಪಿತೇ ಎಂಬುದು ಮುಖ್ಯ. ಅದನ್ನೇ ನಾವು ಅಮಾನತ್ ಎನ್ನುತ್ತೇವೆ. ಸೈಕಲ್‌ನ ಉದಾಹರಣೆಗೆ ಉತ್ತರ ಇಲ್ಲಿದೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಹೋದರೆ ಬಸ್ಸು ಎಲ್ಲಿಯೂ ಮಾಯವಾಗುವುದಿಲ್ಲ. ಆದರೂ ಅದು ಮೋಸವೆಂದು ಎಲ್ಲರಿಗೂ ಗೊತ್ತು.

ನಾವು ಹೇಳಿಕೊಳ್ಳುವ ನೆಪಗಳು

ಮೊದಲನೆಯ ನೆಪ, ಕಂಪೆನಿ ಶ್ರೀಮಂತವಾಗಿದೆ, ಅದಕ್ಕೇನು ನಷ್ಟ ಎಂಬುದು. ಎರಡನೆಯದು, ಆ ಕಂಪೆನಿ ನಮ್ಮವರದ್ದಲ್ಲ ಎಂಬುದು. ಇದಕ್ಕೆ ಹಿಜ್ರತ್‌ನ ಇತಿಹಾಸವೇ ಉತ್ತರ. ಕ್ರಿ.ಶ. 622ರಲ್ಲಿ ಮಕ್ಕಾದ ಜನ ಪ್ರವಾದಿ ಮುಹಮ್ಮದ್(ಸ)ರನ್ನು ಕೊಲ್ಲಲು ಸಂಚು ಹೂಡಿದ್ದರು. ಆ ಹೊತ್ತಿನಲ್ಲಿಯೂ ಅದೇ ಜನರ ಅಮಾನತ್ ವಸ್ತುಗಳು ಪ್ರವಾದಿವರ್ಯರ(ಸ) ಬಳಿ ಇದ್ದವು. ಅವುಗಳನ್ನು ಅವರವರಿಗೆ ಮರಳಿಸಲೆಂದೇ ಅಲಿ(ರ)ಯವರನ್ನು ಹಿಂದೆ ಬಿಟ್ಟು ಹೋದರು. ಪ್ರಾಣ ತೆಗೆಯಲು ಬಂದವರ ಸೊತ್ತನ್ನೇ ಕಾಪಾಡಿದವರ ಅನುಯಾಯಿಗಳು, ಸಾಫ್ಟ್‌ವೇರ್ ಮಾಡಿದವನ ಹೆಸರು ಮತ್ತು ಧರ್ಮ ಕೇಳಿ ಅವನ ಹಕ್ಕನ್ನು ತೀರ್ಮಾನಿಸಬಹುದೇ?

ನಷ್ಟ ಯಾವಾಗಲೂ ದೂರದ ಶ್ರೀಮಂತರಿಗೇ ಆಗುತ್ತದೆ ಎಂಬುದೂ ಸುಳ್ಳು. ಉರ್ದು ಮುದ್ರಣದ ಇತಿಹಾಸವನ್ನೇ ನೋಡಿ. ನಸ್ತಅಲೀಕ್ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸುವುದು ಅಸಾಧ್ಯವೆಂದು ಬಹುಕಾಲ ಭಾವಿಸಲಾಗಿತ್ತು. ಮಿರ್ಝಾ ಅಹ್ಮದ್ ಜಮೀಲ್ ಎಂಬ ಕಲಾವಿದರು ಸುಮಾರು 20 ಸಾವಿರ ಕೂಡಕ್ಷರಗಳನ್ನು ರಚಿಸಿ 1981ರಲ್ಲಿ 'ನೂರಿ ನಸ್ತಅಲೀಕ್' ಹೊರತಂದರು. ಅದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಬಳಸುವಂತೆ ಮಾಡಿದ್ದು 1994ರಲ್ಲಿ ಬಂದ ಇನ್‌ಪೇಜ್. ಅದನ್ನು ತಯಾರಿಸಿದ್ದು ದಿಲ್ಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಎಂಬ ಸಂಸ್ಥೆ. ಉರ್ದು ಪತ್ರಿಕೆ, ಪುಸ್ತಕ, ಮದ್ರಸದ ಪಠ್ಯ, ಮದುವೆಯ ಆಮಂತ್ರಣ ಎಲ್ಲವೂ ಅದರಲ್ಲಿ ಸಿದ್ಧವಾಗತೊಡಗಿದವು. ನಮ್ಮ ಭಾಷೆಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಆ ಸಾಫ್ಟ್‌ವೇರ್ ಉಪಖಂಡದಲ್ಲಿ ಅತಿ ಹೆಚ್ಚು ಕಳ್ಳ ಪ್ರತಿಗಳಾಗಿ ಹರಡಿದವುಗಳಲ್ಲಿ ಒಂದು. ಹಲಾಲ್ ಸಂಪಾದನೆಯ ಬಗೆಗಿನ ಪುಸ್ತಕವೇ ಕಳ್ಳ ಪ್ರತಿಯಲ್ಲಿ ಅಕ್ಷರ ಜೋಡಣೆಯಾಗಿದ್ದರೆ ಅದಕ್ಕೆ ಏನು ಹೇಳೋಣ? ಮಾರುಕಟ್ಟೆ ಚಿಕ್ಕದಾದ ಭಾಷೆಯಲ್ಲಿ ಹಣ ಕೊಡದವರ ಸಂಖ್ಯೆ ಹೆಚ್ಚಾದಷ್ಟೂ ಆ ಭಾಷೆಗೆ ಸಾಫ್ಟ್‌ವೇರ್ ಮಾಡುವವರು ಕಡಿಮೆಯಾಗುತ್ತಾರೆ. ಈ ಮಾತು ಕನ್ನಡಕ್ಕೂ ಅನ್ವಯಿಸುತ್ತದೆ.

ಮೂರನೆಯ ನೆಪ ಬಡತನ. ಇದು ನೆಪ ಮಾತ್ರವಲ್ಲ, ಎಷ್ಟೋ ಮನೆಗಳಲ್ಲಿ ನಿಜ. ತಂದೆಯ ತಿಂಗಳ ದುಡಿಮೆಗಿಂತ ಸಾಫ್ಟ್‌ವೇರಿನ ಬೆಲೆಯೇ ಹೆಚ್ಚಾದರೆ ವಿದ್ಯಾರ್ಥಿ ಏನು ಮಾಡಬೇಕು? ಇದಕ್ಕೆ ಉತ್ತರ ಇದೆ. ಅದಕ್ಕೆ ಮೊದಲು ಮಾರುವವರ ಕಡೆಯ ಲೆಕ್ಕವನ್ನೂ ನೋಡಬೇಕು. ಏಕೆಂದರೆ ಅಮಾನತ್ ಕೊಳ್ಳುವವನಿಗೆ ಮಾತ್ರ ಇರುವ ನಿಯಮವಲ್ಲ.

ನಾವು ಕೊಂಡದ್ದು ಏನು?

ಅಳತೆಯಲ್ಲಿ ಕಡಿಮೆ ಕೊಡುವವರನ್ನು ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲಿಯೇ ಖಂಡಿಸಿದೆ. ಪ್ರವಾದಿ ಶುಐಬ್(ಅ)ರ ಜನಾಂಗದ ಮುಖ್ಯ ಅಪರಾಧವೂ ತೂಕದ ಮೋಸ. ಹಣ ಪಡೆಯುವಾಗ 'ಮಾರಾಟ' ಎಂದು ಹೇಳಿ, ಆ ಮೇಲೆ ಸಣ್ಣ ಅಕ್ಷರದ ಒಪ್ಪಂದದಲ್ಲಿ 'ಇದು ಬಳಕೆಯ ಅನುಮತಿ ಮಾತ್ರ' ಎಂದು ಬರೆಯುವುದು ಯಾವ ತೂಕ?

ಭಾರತದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ತೆರಿಗೆಯ ಮೊಕದ್ದಮೆಗಳಲ್ಲಿ ಎದುರಿಸಿದವು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ, ಡಿಸ್ಕಿನಲ್ಲಿ ಮಾರುವ ಸಿದ್ಧ ಸಾಫ್ಟ್‌ವೇರ್ ಸರಕು, ಅದರ ಮೇಲೆ ಮಾರಾಟ ತೆರಿಗೆ ವಿಧಿಸಬಹುದು ಎಂದಿತು. ವಿದೇಶದಿಂದ ಸಾಫ್ಟ್‌ವೇರ್ ತರಿಸಿದವರು ಕೊಡುವ ಹಣ ರಾಯಧನವೇ ಎಂಬ ಪ್ರಶ್ನೆಗೆ ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೌದು ಎಂದಿತ್ತು. 2021ರ ಮಾರ್ಚ್ 2ರಂದು ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಕ್ಕುಸ್ವಾಮ್ಯ ಬೇರೆ, ಹಕ್ಕುಸ್ವಾಮ್ಯವಿರುವ ವಸ್ತುವಿನ ಪ್ರತಿ ಬೇರೆ. ಬಳಕೆದಾರ ಕೊಳ್ಳುವುದು ಪ್ರತಿಯನ್ನು, ಹಕ್ಕುಸ್ವಾಮ್ಯವನ್ನಲ್ಲ. ವಿದ್ಯಾರ್ಥಿಗಳು ಈ ಭೇದವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ನಮ್ಮದಾದದ್ದು ಒಂದು ಪ್ರತಿ. ಅದರಿಂದ ನೂರು ಪ್ರತಿ ಮಾಡುವ ಹಕ್ಕು ನಮ್ಮದಾಗಲಿಲ್ಲ.

ಯುರೋಪಿನ ನ್ಯಾಯಾಲಯ 2012ರಲ್ಲಿ ಒರಾಕಲ್ ಕಂಪೆನಿಯ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಯಿತು. ಕಾಲಮಿತಿಯಿಲ್ಲದ ಬಳಕೆಗೆಂದು ಹಣ ಪಡೆದು ಕೊಟ್ಟ ಸಾಫ್ಟ್‌ವೇರನ್ನು ಕೊಂಡವನು ಬೇರೆಯವರಿಗೆ ಮಾರಬಹುದು. ಆದರೆ ಮಾರುವಾಗ ತನ್ನ ಬಳಿಯ ಪ್ರತಿಯನ್ನು ಅಳಿಸಬೇಕು ಎಂದಿತು. ಇಬ್ಬರಿಗೂ ಅಮಾನತ್‌ನ ಪಾಠ ಹೇಳುವ ತೀರ್ಪು ಇದು.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. 2009ರ ಜುಲೈಯಲ್ಲಿ ಅಮೆಝಾನ್ ಕಂಪೆನಿ, ಗಿರಾಕಿಗಳು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ರ ಎರಡು ಪುಸ್ತಕಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿ ಹಾಕಿತು. ಅವುಗಳನ್ನು ಮಾರಿದವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಮರಳಿಸಿದರು, ಕ್ಷಮೆಯನ್ನೂ ಕೇಳಿದರು. ಆದರೆ ಅಂಗಡಿಯವನು ರಾತ್ರಿ ಮನೆಗೆ ಬಂದು ಕಪಾಟಿನಿಂದ ಪುಸ್ತಕ ಎತ್ತಿಕೊಂಡು ಹೋಗಬಹುದು ಎಂಬ ಸತ್ಯ ಆ ದಿನ ಎಲ್ಲರಿಗೂ ತಿಳಿಯಿತು. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಡಿಜಿಟಲ್ ಸರಕನ್ನು ಮಾರುವವರು ಅದು ಕೇವಲ ಬಳಕೆಯ ಅನುಮತಿಯಾಗಿದ್ದರೆ 'ಕೊಳ್ಳಿರಿ' ಎಂಬ ಪದವನ್ನು ಸುಮ್ಮನೆ ಬಳಸುವಂತಿಲ್ಲ. ಅದು ಅನುಮತಿ ಮಾತ್ರವೆಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ವ್ಯಾಪಾರದಲ್ಲಿ ಸರಕಿನ ಕೊರತೆಯನ್ನು ಮುಚ್ಚಿಡಬಾರದೆಂಬ ನಮ್ಮ ಹಳೆಯ ನಿಯಮವೂ ಇದೇ.

ಆದ್ದರಿಂದ ಕೊಂಡವನ ಹಕ್ಕಿಗಾಗಿ ಧ್ವನಿ ಎತ್ತುವುದು ತಪ್ಪಲ್ಲ. ಅದು ನಮ್ಮ ಕರ್ತವ್ಯ. ಆದರೆ ಧ್ವನಿ ಎತ್ತುವುದಕ್ಕೂ ಬೀಗ ಒಡೆಯುವುದಕ್ಕೂ ವ್ಯತ್ಯಾಸವಿದೆ.

ಫರ್ರಾ ತೋರಿದ ದಾರಿ

ಈಗ ಬಡ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮೊದಲನೆಯದಾಗಿ, ಕಾನೂನೇ ಕೊಟ್ಟಿರುವ ಅವಕಾಶಗಳನ್ನು ತಿಳಿದುಕೊಳ್ಳಬೇಕು. ಸಕ್ರಮವಾಗಿ ಪಡೆದ ಪ್ರೋಗ್ರಾಮು ಹಾಳಾದರೆ ಇರಲೆಂದು ಒಂದು ಕಾಪು ಪ್ರತಿ ಇಟ್ಟುಕೊಳ್ಳಲು ಭಾರತದ ಕಾಯ್ದೆ ಅನುಮತಿ ನೀಡುತ್ತದೆ. ದಿಲ್ಲಿ ವಿಶ್ವವಿದ್ಯಾಲಯದ ಬಳಿಯ ಒಂದು ಝೆರಾಕ್ಸ್ ಅಂಗಡಿಯ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು 2012ರಲ್ಲಿ ಮೊಕದ್ದಮೆ ಹೂಡಿದ್ದರು. ಪಾಠಕ್ಕೆ ಅಗತ್ಯವಾದ ಭಾಗಗಳನ್ನು ವಿದ್ಯಾರ್ಥಿಗಳಿಗಾಗಿ ನಕಲು ಮಾಡುವುದು ಶಿಕ್ಷಣದ ವಿನಾಯಿತಿಯೊಳಗೆ ಬರುತ್ತದೆಂದು ದಿಲ್ಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಹಾಗಾಗಿ ಎಲ್ಲ ನಕಲೂ ಕಳವಲ್ಲ. ಯಾವುದು ಹಕ್ಕು, ಯಾವುದು ಕಳವು ಎಂದು ತಿಳಿದವನೇ ವಿದ್ಯಾವಂತ.

ಎರಡನೆಯದಾಗಿ, ಫರ್ರಾ ಮಾಡಿದ ಕೆಲಸವನ್ನು ನಮ್ಮ ಕಾಲದಲ್ಲಿ ಮಾಡಿದವರೂ ಇದ್ದಾರೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಬೀಗ ಹಾಕಿದ ಸಾಫ್ಟ್‌ವೇರ್ ಬೇಡವೆಂದರೆ ಅದನ್ನು ಕದಿಯುವ ಅಗತ್ಯವಿಲ್ಲ, ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಬೇರೆಯದನ್ನೇ ಬರೆಯೋಣ ಎಂಬ ದಾರಿ ಅದು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದರು. ಇಂದು ಪತ್ರ, ಲೆಕ್ಕ, ಚಿತ್ರ, ಪುಟವಿನ್ಯಾಸ ಹೀಗೆ ಪ್ರತಿಯೊಂದು ಕೆಲಸಕ್ಕೂ ಮುಕ್ತ ಸಾಫ್ಟ್‌ವೇರ್ ಇದೆ. ಕೇರಳದ ಸರಕಾರಿ ಶಾಲೆಗಳು 2000ರ ದಶಕದಲ್ಲಿಯೇ ಲಿನಕ್ಸ್‌ಗೆ ಬದಲಾದವು. ಕನ್ನಡದಲ್ಲಿ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಉಚಿತವಾಗಿ ದೊರೆತ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರ ಸಂಖ್ಯೆ ಬೆಳೆಯಿತು. ಉರ್ದುವಿಗೂ 2014ರಿಂದ ನೋಟೋ ನಸ್ತಅಲೀಕ್‌ನಂಥ ಮುಕ್ತ ಅಕ್ಷರಗಳು ಬಂದಿವೆ. ಮುಕ್ತ ಸಾಫ್ಟ್‌ವೇರಿಗೂ ಷರತ್ತುಗಳಿವೆ, ಅವನ್ನೂ ಪಾಲಿಸಬೇಕು. ಇದನ್ನು ಒಂದು ಬಗೆಯ ವಕ್ಫ್ ಎಂದು ನೋಡಿದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ.

ಕೊನೆಯದಾಗಿ, ನಮ್ಮಂಥ ಸಂಘ ಸಂಸ್ಥೆಗಳು ಮಾಡಬೇಕಾದ ಕೆಲಸ. ವಿದ್ಯಾರ್ಥಿಗೆ ಉಪದೇಶ ಹೇಳುವ ಮೊದಲು ಕಚೇರಿಯ ಮತ್ತು ಲ್ಯಾಬಿನ ಪ್ರತಿಯೊಂದು ಕಂಪ್ಯೂಟರಿನಲ್ಲಿ ಏನಿದೆ ಎಂದು ಪಟ್ಟಿ ಮಾಡಬೇಕು. ಸಕ್ರಮವಲ್ಲದ್ದನ್ನು ತೆಗೆದು, ಸಾಧ್ಯವಿರುವ ಕಡೆಯೆಲ್ಲ ಮುಕ್ತ ಸಾಫ್ಟ್‌ವೇರ್ ಹಾಕಬೇಕು. ಕೊಳ್ಳಲೇಬೇಕಾದದ್ದಕ್ಕೆ ವರ್ಷದ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು. ಕಟ್ಟಡದ ಸಿಮೆಂಟಿಗೆ ಬಿಲ್ ಕೇಳುವ ನಾವು ಸಾಫ್ಟ್‌ವೇರಿಗೂ ಬಿಲ್ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ವಿದ್ಯಾರ್ಥಿವೇತನದಂತೆಯೇ, ತಾಂತ್ರಿಕ ಶಿಕ್ಷಣ ಪಡೆಯುವ ಬಡ ಮಕ್ಕಳಿಗೆ ಅವಶ್ಯಕ ಸಾಫ್ಟ್‌ವೇರ್ ಒದಗಿಸುವ ವ್ಯವಸ್ಥೆಯನ್ನೂ ಯೋಚಿಸಬಹುದು. ವಿದ್ಯಾರ್ಥಿಗಳಿಗೆ ಅನೇಕ ಕಂಪೆನಿಗಳೇ ರಿಯಾಯಿತಿ ಕೊಡುತ್ತವೆ. ಕೇಳುವವರು ಬೇಕು ಅಷ್ಟೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಹಲವರು ಇಂಜಿನಿಯರುಗಳಾಗುವಿರಿ, ನಿಮ್ಮ ಬುದ್ಧಿಯಿಂದ ಒಂದು ಪ್ರೋಗ್ರಾಮು ಬರೆಯುವಿರಿ. ಆ ದಿನ ಅದನ್ನು ಮಾರುವುದೋ, ಎಲ್ಲರಿಗೂ ಬಿಟ್ಟುಕೊಡುವುದೋ ಎಂಬ ತೀರ್ಮಾನ ನಿಮ್ಮದಾಗಿರಬೇಕೆಂದು ನೀವು ಬಯಸುವಿರಿ. ಇಂದು ಆ ತೀರ್ಮಾನದ ಹಕ್ಕನ್ನು ಇನ್ನೊಬ್ಬರಿಗೂ ಬಿಟ್ಟುಕೊಡಿ. ಅಲ್ಲಾಹನು ನಮ್ಮ ವಿದ್ಯೆಯಲ್ಲಿಯೂ ದುಡಿಮೆಯಲ್ಲಿಯೂ ಬರ್ಕತ್ ನೀಡಲಿ.